ದೊಡ್ಡಮ್ಮ ಆರಿಸಿದ ತೆನೆ

ಮೊನ್ನೆ ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಮೆಕ್ಕೆಜೋಳ ಸುಡುವ ವಾಸನೆ ಮೂಗಿಗೆ ಬಡಿದಾಗ ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು. ನಾನು ಹತ್ತಬೇಕಿದ್ದ ತರೀಕೆರೆ ಬಸ್ಸು ಹೊರಟುಹೋಯಿತು, ನಾನು ಅಲ್ಲೇ ಕೂತುಬಿಟ್ಟೆ...

ನಾನು ಮದುವೆಯಾಗಿ ಅಜ್ಜಂಪುರದ ಹತ್ತಿರದ ಅವರ ಊರಿಗೆ ಬಂದಾಗ, ಅವರ ಮನೆಯಲ್ಲಿ ಬೀಜ ಆರಿಸುವುದು ದೊಡ್ಡಮ್ಮನ ಕೆಲಸ. ಕೊಯ್ಲಿಗೆ ಮುಂಚೆ ಹಳೇ ಸೀರೆಯ ಚೂರುಗಳನ್ನು ಮಡಿಲಲ್ಲಿಟ್ಟುಕೊಂಡು ರಾಗಿ ಹೊಲದಲ್ಲಿ ಒಬ್ಬರೇ ಓಡಾಡಿ, ಕಣ್ಣಿಗೆ ಹಿಡಿಸಿದ ತೆನೆಗೆ ಕಟ್ಟುತ್ತಿದ್ದರು. ಅದಕ್ಕೆ ಮಗನೂ ಕುಡುಗೋಲು ತಾಗಿಸುವಂತಿರಲಿಲ್ಲ. ಮುಂದಿನ ವರ್ಷ ಬಿತ್ತುವುದು ಅದನ್ನೇ. ಮನೆಯಲ್ಲಿ ಬೇರೆ ಯಾವುದಕ್ಕೂ ಅವರನ್ನು ಕೇಳುತ್ತಿರಲಿಲ್ಲ. ಇದೊಂದು ಮಾತ್ರ ಅವರದು.

ಒಂದು ವರ್ಷ ಮಗ ಹೈಬ್ರಿಡ್ ಮೆಕ್ಕೆಜೋಳ ಹಾಕಿದ. ದೊಡ್ಡಮ್ಮ ಎಂದಿನಂತೆ ಹೊಲಕ್ಕೆ ಹೋದರು. ಒಂದು ಚೂರನ್ನೂ ಕಟ್ಟದೆ ವಾಪಸು ಬಂದು ನಮ್ಮ ಜಗಲಿ ಮೇಲೆ ಕೂತರು.

"ಎಲ್ಲಾ ಒಂದೇ ಎತ್ತರ, ಒಂದೇ ಗಾತ್ರ ಕಣೇ. ಯಾವುದನ್ನ ಆರಿಸ್ಲಿ?"

ಹಿಂದೆಯೇ ಬಂದ ಮಗ ನಕ್ಕ. "ಆರಿಸೋದೇ ಬ್ಯಾಡ ಕಣಮ್ಮ. ಇದು ಎರಡು ತಳಿ ಕೂಡಿಸಿ ಮಾಡಿದ್ದು. ಬೀಜ ಎತ್ತಿಟ್ಟು ಹಾಕಿದ್ರೆ ನಮ್ಮ ರಾಗಿ ತಾಯಿ ಗಿಡದ ಥರಾನೇ ಬರ್ತದೆ, ಇದು ಬರಲ್ಲ. ಒಂದೊಂದು ಗಿಡ ಒಂದೊಂದು ಥರ ಆಗ್ಬಿಡ್ತದೆ. ವರ್ಷಾ ವರ್ಷ ಹೊಸ ಪ್ಯಾಕೆಟ್ಟೇ ತರ್ಬೇಕು."

ಇದ್ದ ಒಂದು ಕೆಲಸವೂ ಹೋಯಿತಲ್ಲ, ಅಳುತ್ತಾರೇನೋ ಅಂದುಕೊಂಡೆ. ಎಲ್ಲಿಯ ಅಳು! ಮುಖ ಅರಳಿತು.

"ಒಂದೊಂದು ಒಂದೊಂದು ಥರಾನಾ? ಹಂಗಾದ್ರೆ ಆರಿಸೋಕೆ ಬೇಕಾದಷ್ಟು ಐತಲ್ಲ!"

ಹಟಕ್ಕೆ ಬಿದ್ದು ಅದರ ಬೀಜ ಹಿತ್ತಲಲ್ಲಿ ಬಿತ್ತಿದರು. ಮಗ ಹೇಳಿದ್ದು ಸುಳ್ಳಾಗಲಿಲ್ಲ. ಒಂದು ಗಿಡ ಸೂರು ಮುಟ್ಟಿದರೆ ಪಕ್ಕದ್ದು ಸೊಂಟಕ್ಕೂ ಬರಲಿಲ್ಲ. ಒಂದರ ತೆನೆ ತುಂಬಿ ನಿಂತರೆ ಇನ್ನೊಂದರದು ಹಲ್ಲುದುರಿದ ಬಾಯಿ. ಓಣಿಯೆಲ್ಲ ನಕ್ಕಿತು. ದೊಡ್ಡಮ್ಮ ಮಾತ್ರ ಸೀರೆ ಚೂರು ಹಿಡಿದು ಮದುವೆಮನೆಯ ಸಡಗರದಲ್ಲಿ ಓಡಾಡಿದರು. ಆಮೇಲೆ ಪ್ರತಿ ವರ್ಷ ಅದರಲ್ಲೇ ಆರಿಸಿ, ಅದನ್ನೇ ಬಿತ್ತಿ... ಹಿತ್ತಲ ಜೋಳ ನಿಧಾನವಾಗಿ ಒಂದು ಹದಕ್ಕೆ ಬಂತು. ಇಳುವರಿಯಲ್ಲಿ ಮಗನ ಹೊಲಕ್ಕೆ ಸಾಟಿಯಲ್ಲ, ಅದು ನಿಜ. ಆದರೆ ಅಷ್ಟು ಖುಷಿಯಾಗಿದ್ದ ಮುದುಕಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ನನಗೆ ಅವರೆಂದರೆ ಪ್ರಾಣ.

ಏನು ನೋಡಿ ಆರಿಸುತ್ತೀರಿ ಎಂದು ಕೇಳಿದರೆ, "ನೋಡ್ತಾ ನೋಡ್ತಾ ಗೊತ್ತಾಗ್ತದೆ ಕಣವ್ವ" ಎನ್ನುತ್ತಿದ್ದರು. ನಾನೂ ಜೊತೆಗೆ ನಿಂತು ನೋಡುತ್ತಿದ್ದೆ. ಗೊತ್ತಾಗುವಷ್ಟರಲ್ಲಿ ನಾವು ತರೀಕೆರೆಗೆ ಮನೆ ಬದಲಿಸಿದೆವು.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ದೊಡ್ಡಮ್ಮ ತೀರಿಕೊಂಡರು. ಮೊನ್ನೆ ಮನಸ್ಸು ತಡೆಯದೆ ಬಸ್‌ಸ್ಟ್ಯಾಂಡಿನಿಂದಲೇ ಅವರ ಮಗನಿಗೆ ಫೋನ್ ಮಾಡಿ, ಹಿತ್ತಲ ಜೋಳ ಏನಾಯಿತು ಅಂತ ಕೇಳಿದೆ.

"ಅಮ್ಮ ಎತ್ತಿಟ್ಟಿದ್ದ ಬೀಜಾನ ಬಿತ್ತಿದ್ವಿ ಅಕ್ಕ, ಚೆನ್ನಾಗೇ ಬಂದಿತ್ತು. ಯಾವುದನ್ನ ಎತ್ತಿಡ್ಬೇಕು ಅಂತ ಒಬ್ಬರಿಗೂ ಗೊತ್ತಾಗ್ಲಿಲ್ಲ... ಎಲ್ಲಾನೂ ಬೇಯಿಸ್ಕೊಂಡು ತಿಂದ್ಬಿಟ್ವಿ."

ಅವನನ್ನು ಬೈದು ಏನು ಪ್ರಯೋಜನ? ನಾನಿದ್ದಿದ್ದರೂ ಗೊತ್ತಾಗುತ್ತಿರಲಿಲ್ಲ. ಈಗ ದೊಡ್ಡಮ್ಮನೂ ಇಲ್ಲ. ಪ್ಯಾಕೆಟ್ಟಿನಲ್ಲಾದರೂ ತರೋಣವೆಂದರೆ ಆ ಜೋಳ ಯಾವ ಅಂಗಡಿಯಲ್ಲೂ ಇಲ್ಲ.