ಮೊಳದ ಮೇಲಿನ ಕೊಸರು

ಅವಳ ಬಲಗೈಯ ನಡುಬೆರಳಿಗೆ ತುದಿ ಇರಲಿಲ್ಲ. ಉಗುರು ಇರಬೇಕಾದ ಜಾಗದಲ್ಲಿ ಹುಣಸೆಬೀಜದಂತೆ ನುಣ್ಣಗಿನ ಒಂದು ಗಂಟು. ಚಿಕ್ಕವಳಿದ್ದಾಗ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡಲು ಹೋಗಿ ಸಿಕ್ಕಿಸಿಕೊಂಡಿದ್ದಳಂತೆ. ಆ ಕೈಯಲ್ಲೇ ಅವಳು ಹೊಳೆನರಸೀಪುರದ ಬಸ್ ನಿಲ್ದಾಣದ ಬಳಿ ಕುಳಿತು ಜೀವಮಾನವಿಡೀ ಹೂವು ಅಳೆದಳು. ಮೊಳ ಎಂದರೆ ಮೊಳಕೈಯಿಂದ ನಡುಬೆರಳಿನ ತುದಿಯವರೆಗೆ. ಬೆರಳಿಗೆ ತುದಿಯೇ ಇಲ್ಲದ ಮೇಲೆ ಮೊಳ ಗಿಡ್ಡವಾಗದೆ ಇನ್ನೇನು? ದಿನಾ ಅದಕ್ಕೊಂದು ಜಗಳ.

"ನಿನ್ ಮೊಳ ಯಾವತ್ತೂ ಗಿಡ್ಡ ಕಣಕ್ಕ."

"ಗಾಣ ತಿಂದಿದ್ದುಕ್ಕೆ ನಾನೇನ್ ಮಾಡ್ಲವ್ವ? ಅದುಕ್ಕೇ ಕೊಸರು ಆಕ್ತೀನಲ್ಲ, ತಗೋ."

ಅಳತೆ ಮುಗಿದ ಮೇಲೆ ಸುಮ್ಮನೆ ಕೊಡುವ ಚೂರೇ ಕೊಸರು. ಈಗಿನ ಅಂಗಡಿಗಳಲ್ಲಿ ಅದು ಸಿಗುವುದಿಲ್ಲ, ಆದ್ದರಿಂದ ನಿಮಗೆ ಹೇಳಬೇಕಾಯಿತು. ಅವಳ ಕೊಸರು ಕಳೆದುಹೋದ ಬೆರಳಿಗಿಂತ ಯಾವಾಗಲೂ ದೊಡ್ಡದಿರುತ್ತಿತ್ತು.

ನಮ್ಮ ಮನೆಯ ಗೋಡೆಯ ಮೇಲೆ ಒಂದು ಫೋಟೊ ಇದೆ. ಕಲ್ಲಿನ ಗೋಪುರದ ಮುಂದೆ ನಾಲ್ಕು ಹೆಂಗಸರು ಬೆವರುತ್ತ ನಿಂತಿದ್ದೇವೆ. "ಅಜ್ಜಿ, ನೀನು ಫಾರಿನ್‌ಗೆ ಹೋಗಿದ್ದು ನಿಜಾನಾ?" ಎಂದು ನೀವು ನಗುತ್ತೀರಿ. ಎಡಗಡೆ ಕೊನೆಯಲ್ಲಿ ಸೆರಗು ಹೊದ್ದು, ನಗದೆ ನಿಂತವಳೇ ಹೂವಿನಕ್ಕ. ನಾಲ್ಕು ಜನರ ಎದುರು ನನಗೆ ಮಾತು ಹೊರಡುವುದಿಲ್ಲ. ಮಲ್ಲಿಪಟ್ಟಣದ ಕಡೆಯ ಹಳ್ಳಿ ಶಾಲೆಯಲ್ಲಿ ಕಲಿತಷ್ಟು ಕನ್ನಡದಲ್ಲಿ ಬರೆದಿಡುತ್ತಿದ್ದೇನೆ, ಓದಿಕೊಳ್ಳಿ.

ನಿಮ್ಮ ತಾತ ಇರುವವರೆಗೆ ಅವಳು ಬೆಳಿಗ್ಗೆ ಬಾಳೆ ಎಲೆಯಲ್ಲಿ ಸುತ್ತಿದ ಹೂವನ್ನು ನಮ್ಮ ಬಾಗಿಲ ಮೊಳೆಗೆ ಸಿಕ್ಕಿಸಿ ಹೋಗುತ್ತಿದ್ದಳು. ತಾತ ತೀರಿಕೊಂಡರು. ಗಂಡ ಸತ್ತವಳ ಮನೆಗೆ ಹೂವಿನವಳಿಗೇನು ಕೆಲಸ? ಬೀದಿಯಲ್ಲಿ "ಊವಾ, ಮಲ್ಗೆ ಊವಾ" ಎನ್ನುವ ಅವಳ ಕೂಗು ನಮ್ಮ ಮನೆ ಹತ್ತಿರ ಬಂದಾಗ ನಿಂತು, ನಾಲ್ಕು ಮನೆ ದಾಟಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ತಿಥಿಯೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ಒಂದು ದಿನ ಖಾಲಿ ಬುಟ್ಟಿ ಹಿಡಿದು ಬಂದು ಜಗಲಿಯ ಮೇಲೆ ಕುಳಿತಳು.

"ಊವು ತಂದಿಲ್ಲ ಕಣಮ್ಮಿ. ಒಂದ್ ಚೊಂಬು ನೀರ್ ಕೊಡು. ಇನ್ಮೇಕೆ ನೀರ್ ಕುಡ್ಯಾಕೆ ಬತ್ತೀನಿ."

ಹಾಗೆಯೇ ಬಂದಳು, ಸಾಯುವವರೆಗೂ. ಆಗ ನಾನು ಇಡೀ ದಿನದಲ್ಲಿ ಮಾತಾಡುತ್ತಿದ್ದುದು ಅವಳೊಬ್ಬಳ ಜೊತೆಯಲ್ಲೇ.

ಅವಳೂ ಗಂಡನಿಲ್ಲದವಳು. ನನಗಿಂತ ಎಷ್ಟೋ ಮೊದಲು, ಮಗುವೊಂದು ಆಗುವುದಕ್ಕೂ ಮುಂಚೆ ಅವನು ಹೋಗಿದ್ದ. ಊರಿನ ಧಾರೆ, ಸೀಮಂತ, ಗೃಹಪ್ರವೇಶಕ್ಕೆಲ್ಲ ಅವಳದೇ ಹೂವು. ಆದರೆ ಒಂದು ಎಸಳನ್ನೂ ಮುಡಿಯುವಂತಿರಲಿಲ್ಲ, ಮೂಸುವಂತೆಯೂ ಇರಲಿಲ್ಲ. ಊರಿಗೆ ಅವಳ ಕೈಯ ಹೂವು ಬೇಕು, ಅವಳ ತಲೆಯ ಮೇಲೆ ಬೇಡ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. "ನಾನು ಮುಡುದ್ರೆ ನಾಳಿಕೆ ಯಾರು ತಗತಾರೆ ಯೋಳು? ಬುಟ್ಟಿ ಸಮೇತ ವಳೆಗೆ ಬಿಡ್ಬೇಕಾಯ್ತದೆ," ಎನ್ನುತ್ತಿದ್ದಳು.

ಅರಕಲಗೂಡಿನ ಅಂಗನವಾಡಿ ಟೀಚರಮ್ಮ ನನ್ನ ಜೊತೆ ಶಾಲೆಗೆ ಬರುತ್ತಿದ್ದವಳು. ನಿವೃತ್ತಿಯಾದ ಮೇಲೆ ಅವಳಿಗೆ ಊರು ಸುತ್ತುವ ಹುಚ್ಚು ಹಿಡಿಯಿತು. ಹಾಸನದ ಟೂರಿನವರ ಹತ್ತಿರ ಬ್ಯಾಂಕಾಕ್, ಕಾಂಬೋಡಿಯಾ, ವಿಯೆಟ್ನಾಂ, ಮಲೇಷ್ಯಾಗಳಿಗೆ ಒಂದು ಅಗ್ಗದ ಪ್ರವಾಸ ಇದೆ ಎಂದು ನಮ್ಮನ್ನು ಎಬ್ಬಿಸಿದಳು. ದಂಡಿಗನಹಳ್ಳಿ ಕಡೆಯ ಜೈನರ ಮನೆಯಾಕೆಯೊಬ್ಬಳು ಹೂವಿನಕ್ಕನಿಗೆ ಸೇವಂತಿಗೆ ಕೊಡುತ್ತಿದ್ದಳು, ಅವಳೂ ಸೇರಿದಳು. ನನಗೆ ಮನಸ್ಸಿರಲಿಲ್ಲ. ಹೂವಿನಕ್ಕ ಜಗಲಿಯಲ್ಲಿ ಕುಳಿತು ನೀರು ಕುಡಿಯುತ್ತ ಮೆಲ್ಲಗೆ ಹೇಳಿದಳು:

"ನೀನೂ ಬಾ ಕಣಮ್ಮಿ. ನಂಗೆ ದೇಸ ನೋಡಾಕಲ್ಲ. ನನ್ ಗುರ್ತು ಇಲ್ದೇ ಇರ ಊರ್ನಾಗೆ ಒಂದೇ ಒಂದ್ಸಲ ಊವು ಮುಡ್ದು ನಡೀಬೇಕು. ಒಬ್ಳೇ ಆದ್ರೆ ಎದ್ರುಕೆ."

ಅದಕ್ಕೇ ನಾನು ಹೊರಟೆ.

ಅಗ್ಗದ ಪ್ರವಾಸವೆಂದರೆ ಹೇಗಿರುತ್ತದೆ ಎಂದು ಕೇಳಬೇಡಿ. ನಾಲ್ವರಿಗೂ ಒಂದೇ ಕೋಣೆ, ಕೂತು ಕೂತು ಕಾಲು ಊದುವ ಬಸ್ಸು. ಹೋದಲ್ಲೆಲ್ಲ ಮೀನಿನ ವಾಸನೆ, ಅದಕ್ಕೆ ನಮ್ಮ ಹುರಿಹಿಟ್ಟು ಮತ್ತು ಚಟ್ನಿಪುಡಿಯೇ ಗತಿ. ಜೈನರಾಕೆ ಹೊತ್ತು ಮುಳುಗಿದ ಮೇಲೆ ಉಣ್ಣುವವಳಲ್ಲ. ಬ್ಯಾಂಕಾಕಿನಲ್ಲಿ ಕೋಣೆ ಸೇರುವಷ್ಟರಲ್ಲಿ ದೀಪ ಹತ್ತಿತ್ತು. ಅವಳು ಹಸಿದು ಮುಖ ಗೋಡೆಗೆ ಮಾಡಿ ಮಲಗಿದಳು.

"ಏಳೇ, ಉಣ್ಣು," ಎಂದಳು ಹೂವಿನಕ್ಕ. "ನಿನ್ ವಾಚು ಇನ್ನೂ ನಮ್ಮೂರ್ ಟೇಮಲ್ಲೇ ಅದೆ. ದಂಡಿಗನಳ್ಳೀಲಿ ಇನ್ನೂ ದನ ಮೇಯ್ತಾ ಅವೆ. ನಿಮ್ ಸ್ವಾಮಿ ಅಲ್ಲಿಂದ್ಲೇ ತಾನೆ ನೋಡಾದು?"

ಟೀಚರಮ್ಮ ಬಿದ್ದು ಬಿದ್ದು ನಕ್ಕಳು. ಜೈನರಾಕೆಗೂ ನಗು ಬಂತು, ಆದರೆ ಉಣ್ಣಲಿಲ್ಲ.

ಮರುದಿನ ಅಲ್ಲಿಯ ಹೂವಿನ ಮಾರುಕಟ್ಟೆಗೆ ಹೋದೆವು. ಬೀದಿಯ ತುಂಬ ಮಲ್ಲಿಗೆ ಮೊಗ್ಗು. ನಮ್ಮ ಹಾಗೆ ಅವರು ಗಂಟು ಹಾಕಿ ಕಟ್ಟುವುದಿಲ್ಲ, ಉದ್ದನೆಯ ಸೂಜಿಯಲ್ಲಿ ಪೋಣಿಸಿ ಬಳೆಯ ಹಾಗೆ ಮಾಡುತ್ತಾರೆ. ಹೂವಿನಕ್ಕ ಒಬ್ಬ ಮುದುಕಿಯ ಪಕ್ಕ ಕುಳಿತು, ಕಾಲಿನ ಹೆಬ್ಬೆರಳಿಗೆ ದಾರ ಸುತ್ತಿ ನಮ್ಮ ರೀತಿಯಲ್ಲಿ ಕಟ್ಟಿ ತೋರಿಸಿದಳು. ಮುದುಕಿ ಅವಳ ಮೊಂಡು ಬೆರಳನ್ನು ಹಿಡಿದು ಲೊಚಗುಟ್ಟಿ, ತನ್ನದೊಂದು ಮಲ್ಲಿಗೆ ಬಳೆಯನ್ನು ಕೈಗಿಟ್ಟಳು. ಹೂವಿನಕ್ಕ ನನ್ನತ್ತ ಒಮ್ಮೆ ನೋಡಿ, ನನ್ನ ತಲೆಯ ಪಿನ್ನು ಕಿತ್ತುಕೊಂಡು ಆ ಹೂವನ್ನು ತನ್ನ ತುರುಬಿಗೆ ಸಿಕ್ಕಿಸಿಕೊಂಡಳು.

ಮುದುಕಿಯ ನಗು ನಿಂತುಹೋಯಿತು. ಬೇಡ ಎಂಬಂತೆ ಕೈಯಾಡಿಸಿ, ಕಂಬದ ಮೇಲಿದ್ದ ಪುಟ್ಟ ದೇವರ ಮನೆಯೊಂದನ್ನು ತೋರಿಸಿ ಕೈಮುಗಿದಳು. ಅಲ್ಲಿ ಅದು ಮುಡಿಯುವ ಹೂವಲ್ಲ, ದೇವರಿಗೆ ಇಡುವುದು. ನಮಗೆ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ಮಲ್ಲಿಗೆ ಕಂಡರೆ ಕೈ ತಾನಾಗಿ ತುರುಬಿಗೆ ಹೋಗುತ್ತದೆ. ಹೂವಿನಕ್ಕ ತಟ್ಟನೆ ಕಿತ್ತು, ಕೆನ್ನೆ ಕೆನ್ನೆ ಬಡಿದುಕೊಂಡು, ಅದನ್ನು ದೇವರ ಮನೆಯಲ್ಲಿಟ್ಟು ಬಂದಳು.

"ನನ್ ಕೈಗೆ ಬಂದಿದ್ದೆಲ್ಲ ದೇವ್ರುಗೇ ಓಗಾದು ಬುಡು," ಎಂದಳು.

ಕಾಂಬೋಡಿಯಾದ ಕಲ್ಲುಗುಡಿಗಳನ್ನು ಕಂಡಾಗ ನಮ್ಮ ಹಳೇಬೀಡೇ ನೆನಪಾಯಿತು. ಅಂಗಳದಲ್ಲಿ ದೇವಕಣಗಿಲೆ ಉದುರಿ ಬಿದ್ದಿತ್ತು. "ಇದುನ್ನೇ ಮುಡ್ಕೊಳೆ, ಯಾವ ದೇವ್ರೂ ಕೇಳಲ್ಲ," ಎಂದು ಟೀಚರಮ್ಮ ಒಂದನ್ನು ಎತ್ತಿಕೊಟ್ಟಳು. ಹೂವಿನಕ್ಕ ತೆಗೆದುಕೊಳ್ಳಲಿಲ್ಲ. ಗೋಡೆಯ ಮೇಲೆ ಕೆತ್ತಿದ್ದ ಹೆಣ್ಣೊಂದರ ಜಡೆಯನ್ನು ಆ ಮೊಂಡು ಬೆರಳಿನಿಂದ ಸವರಿದಳು.

"ನೋಡು, ಕಲ್ಗೂ ಅದೆ ತಲೇಲಿ ಊವು. ಕಲ್ಲ ಯಾರೂ ಕೇಳಾಕಿಲ್ಲ, ನಿನ್ ಗಂಡ ಬದ್ಕವ್ನಾ ಅಂತ."

ನೀವು ಗೋಡೆಯ ಮೇಲೆ ನೋಡುವ ಫೋಟೊ ಅಲ್ಲಿ ತೆಗೆದದ್ದು.

ವಿಯೆಟ್ನಾಮಿನಲ್ಲಿ ಬರೀ ಮಳೆ. ದೋಣಿ ಬಿಡಲಿಲ್ಲ, ಒಗೆದ ಸೀರೆ ಒಣಗಲಿಲ್ಲ. ಹಸಿ ವಾಸನೆಯ ಆ ಕೋಣೆಯಲ್ಲಿ ಕುಳಿತು, ಯಾರೂ ಕೇಳದಿದ್ದರೂ, ಹೂವಿನಕ್ಕ ಗಂಡ ಸತ್ತ ದಿನದ ಮಾತು ತೆಗೆದಳು. ಹೆಂಗಸರು ಅವಳಿಗೆ ಕೊನೆಯ ಸಲ ಮುಡಿಸಿ ಆಮೇಲೆ ಕಿತ್ತರಂತೆ. "ಅವತ್ ಬೆಳಿಗ್ಗೆ ನಾನೇ ಕಟ್ಟಿದ್ದ ದಂಡೆ ಕಣ್ರೇ ಅದು. ಕಿತ್ತಾಗ ಇನ್ನೂ ಮೊಗ್ಗಾಗೇ ಇತ್ತು. ಅದು ಯಾವಾಗ ಅರಳ್ತೋ, ಎಲ್ಲಿ ಅರಳ್ತೋ ಅಂತ ಈಗ್ಲೂ ಅನ್ಸ್ತದೆ." ಜೈನರಾಕೆ ಅವಳ ಒದ್ದೆ ಸೆರಗನ್ನು ಹಿಂಡುತ್ತ ಕುಳಿತಿದ್ದಳು.

ಕೊನೆಗೆ ಕೌಲಾಲಂಪುರ. ಅಲ್ಲಿ ತಮಿಳರ ಬೀದಿಯೊಂದರಲ್ಲಿ ಹೂವಿನಂಗಡಿ ಕಂಡಿತು. ನಮ್ಮಂತೆಯೇ ಕಟ್ಟಿದ ಹೂವು, ಅದೇ ಮೊಳದ ಅಳತೆ. ಹೂವಿನಕ್ಕನ ಮುಖ ಅರಳಿತು. ಆದರೆ ಅಂಗಡಿಯಾಕೆ ಅವಳ ಬೋಳು ಹಣೆಯನ್ನೂ ಕೊರಳನ್ನೂ ನೋಡಿ, "ಯಾರುಕ್ಕಮ್ಮ? ಪೊಣ್ಣುಕ್ಕಾ?" ಎಂದಳು. ಯಾರಿಗೆ, ಮಗಳಿಗಾ ಎಂದು. ಸಮುದ್ರ ದಾಟಿ ಬಂದರೂ ಆ ನೋಟ ನಮಗಿಂತ ಮೊದಲೇ ಬಂದು ಕುಳಿತಿತ್ತು.

"ಊಂ, ಮಗ್ಳಿಗೆ," ಎಂದಳು ಹೂವಿನಕ್ಕ. ಇಲ್ಲದ ಮಗಳಿಗೆ ಒಂದು ಮೊಳ ಕೊಂಡಳು. ಹೊರಟವಳು ಅಭ್ಯಾಸಬಲದಿಂದ ತಿರುಗಿ, "ಏನಮ್ಮ, ಕೊಸರು ಆಕಾಕಿಲ್ವಾ?" ಎಂದಳು.

"ಕೊಸುರಾ?" ಅಂಗಡಿಯಾಕೆಗೆ ನಗು ಬಂತು. ಅವರಲ್ಲೂ ಅದೇ ಮಾತಂತೆ. ಒಂದು ಚೂರು ಕತ್ತರಿಸಿ ಕೈಗಿಟ್ಟಳು.

ಹೂವಿನಕ್ಕ ಮೊಳದ ಹೂವನ್ನು ದಾರಿಯಲ್ಲಿದ್ದ ಗುಡಿಯೊಂದಕ್ಕೆ ಕೊಟ್ಟಳು. ಕೊಸರನ್ನು ಮಾತ್ರ ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದಳು.

"ಇದು ಅಳ್ದು ಕೊಟ್ಟಿದ್ದಲ್ಲ. ದೇವ್ರ ಲೆಕ್ಕಕ್ಕೂ ಬರಾಕಿಲ್ಲ, ಗಂಡನ್ ಲೆಕ್ಕಕ್ಕೂ ಬರಾಕಿಲ್ಲ. ಅಲ್ವಾ ಕಣಮ್ಮಿ?" ಎಂದು ಕೇಳಿ, ಮುಡಿದುಕೊಂಡಳು.

ಆ ಸಂಜೆ ಅವಳು ನಮ್ಮ ಮುಂದೆ ಮುಂದೆ ನಡೆದಳು. ಸೆರಗು ಹೊದೆಯಲಿಲ್ಲ. ಅಷ್ಟೇ. ಅದಕ್ಕಾಗಿ ಅಷ್ಟು ದೂರ ಹೋಗಿದ್ದೆವು.

ಬೆಂಗಳೂರಿನಲ್ಲಿ ವಿಮಾನ ಇಳಿದಾಗ ಹೂವು ಕಂದಿ ಹೋಗಿತ್ತು. "ಅಕ್ಕ, ತಲೇಲಿ…" ಎಂದೆ.

"ಗೊತ್ತು. ಇರ್ಲಿ. ಇಲ್ಲಿ ಬಚ್ಚಿಟ್ರೆ ಅಲ್ಲಿ ಕದ್ದಂಗಾಯ್ತದೆ."

ಹಾಗೆಯೇ ಊರಿನ ಬಸ್ ನಿಲ್ದಾಣದಲ್ಲಿ ಇಳಿದಳು. ಪಕ್ಕದ ಸೋಡಾ ಅಂಗಡಿಯವಳು ಎಲ್ಲರಿಗೂ ಕೇಳುವಂತೆ, "ಏನಕ್ಕ, ಫಾರಿನ್ನಿಗೋಗಿ ಮದ್ವೆ ಮಾಡ್ಕೊಂಡ್ ಬಂದ್ಯಾ?" ಎಂದಳು.

"ಊಂ ಕಣವ್ವ. ಗಂಡ ಇನ್ನೂ ಏರೋಪ್ಲೇನಲ್ಲೇ ಅವ್ನೆ, ಲಗೇಜ್ ಇಳುಸ್ತಾ."

ನಿಲ್ದಾಣವೆಲ್ಲ ನಕ್ಕಿತು. ನಗು ಅಲ್ಲಿಗೇ ಮುಗಿಯಲಿಲ್ಲ. ಧಾರೆಗೆ ಹೂವು ಹೇಳಿದ್ದ ಹೆಂಗಸೊಬ್ಬಳು ಬಂದು, "ಬ್ಯಾಸ್ರ ಮಾಡ್ಕಬ್ಯಾಡ, ಗಂಡಿನ್ ಕಡೇರು ಒಪ್ತಾ ಇಲ್ಲ," ಎಂದು ತಲೆ ತಗ್ಗಿಸಿದಳು. ಹೂವಿನಕ್ಕ, "ಆಗ್ಲಿ ತಾಯಿ, ಮಗು ಚೆನ್ನಾಗಿರ್ಲಿ," ಎಂದು ಕಳಿಸಿದಳು. ಆಮೇಲೆ ಒಬ್ಬೊಬ್ಬರಾಗಿ ಗಿರಾಕಿಗಳೆಲ್ಲ ಬೇರೆ ಕಡೆ ಹೋದರು. ಮೊಳ ಗಿಡ್ಡ ಎಂದು ಜಗಳ ಆಡುವವರೂ ಇಲ್ಲವಾದರು. ಸಂಜೆ ಉಳಿದ ಬುಟ್ಟಿಯನ್ನು ನರಸಿಂಹಸ್ವಾಮಿ ಗುಡಿಗೆ ಕೊಟ್ಟು ಬರುತ್ತಿದ್ದಳು. ಸೊರಗಿದಳು. ನನಗೆ ತಡೆಯಲಾಗದೆ, "ಮುಡೀದಿದ್ರೆ ಚೆನ್ನಾಗಿತ್ತು ಅನ್ಸಲ್ವಾ ಅಕ್ಕ?" ಎಂದು ಕೇಳಿದೆ.

ಅವಳು ಚೊಂಬನ್ನು ಕೆಳಗಿಟ್ಟಳು. "ನನ್ ಮೊಳ ಮುಗುದು ಎಷ್ಟ್ ವರ್ಷ ಆಯ್ತೋ. ಈಗ ಇರಾದು ಕೊಸರು. ಕೊಸ್ರಿಗೆ ಲೆಕ್ಕ ಕೇಳ್ತೀಯಲ್ಲ ನೀನು."

ಒಂದು ಬೆಳಿಗ್ಗೆ ನೀರು ಕುಡಿಯಲು ಬರಲಿಲ್ಲ. ಬಿಸಿಲು ಜಗಲಿಗೆ ಬಂದರೂ ತುಂಬಿಟ್ಟ ಚೊಂಬು ಹಾಗೆಯೇ ಇತ್ತು. ಅವಳ ಕೋಣೆಗೆ ಹೋದೆ. ಗೋಡೆಗೆ ಒರಗಿದ್ದಳು. ಕಾಲಿನ ಹೆಬ್ಬೆರಳಿಗೆ ದಾರ ಸುತ್ತಿಕೊಂಡೇ ಇತ್ತು. ಅರ್ಧ ಕಟ್ಟಿದ ಮಲ್ಲಿಗೆ ಮಡಿಲಿನಲ್ಲಿ ಅರಳಿತ್ತು.

ಅರಕಲಗೂಡಿನಿಂದ ಟೀಚರಮ್ಮ, ದಂಡಿಗನಹಳ್ಳಿಯಿಂದ ಜೈನರಾಕೆ ಬಂದರು. ಬೀದಿಯವರೆಲ್ಲ ಸೇರಿದರು. ಎದೆಯ ಮೇಲೆ ಹಾರ ಬಿತ್ತು. ತಲೆಯ ಹತ್ತಿರ ಯಾರೂ ಹೋಗಲಿಲ್ಲ. ಅವಳೇ ಅರ್ಧ ಕಟ್ಟಿದ್ದ ಹೂವನ್ನು ನಾನು ಎತ್ತಿಕೊಂಡೆ. ತಣ್ಣಗಾದ ಅವಳ ಬಲಗೈಯನ್ನು ಹಿಡಿದು, ಮೊಳಕೈಯಿಂದ ಆ ಮೊಂಡು ಬೆರಳಿನವರೆಗೆ ದಂಡೆ ಎಳೆದು ಅಳೆದೆ. ನಿಜಕ್ಕೂ ಗಿಡ್ಡ ಮೊಳ. ಅಷ್ಟನ್ನು ಕತ್ತರಿಸಿ ಅವಳ ತುರುಬಿಗೆ ಮುಡಿಸಿದೆ.

"ಇದೇನವ್ವ ಇದು, ಗಂಡ ಸತ್ತೋಳ ತಲೆಗೆ!" ಎಂದಿತು ಹಿಂದಿನಿಂದ ಒಂದು ಮುದಿ ದನಿ. ಎಲ್ಲರೂ ನನ್ನನ್ನೇ ನೋಡಿದರು. ನನ್ನ ಕೈ ನಿಲ್ಲಲಿಲ್ಲ. ಉಳಿದಿದ್ದ ಚೂರನ್ನೂ ಎತ್ತಿಕೊಂಡೆ.

"ಮೊಳ ಆಯ್ತು," ಎಂದೆ. "ಇದು ಕೊಸರು."