ನಾಯಿ ಯಾರದು ಎಂದು ಬರೆಸಲು ಹೋದದ್ದು

ನಾಯಿ ಸತ್ತ ದಿನ ಮಾಂಬಳ್ಳಿಯ ನಮ್ಮ ಬೀದಿಯ ಜನ ಸಮಾಧಾನ ಹೇಳಲು ಬಂದದ್ದು ನನ್ನ ಮನೆಗಲ್ಲ, ವಾರಗಿತ್ತಿಯ ಮನೆಗೆ. ಅವಳು ನನ್ನ ಮೈದುನನ ಹೆಂಡತಿ, ನನಗಿಂತ ಎಂಟು ವರ್ಷ ಚಿಕ್ಕವಳು. ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದೇವೆ. ಅಂಗಳಕ್ಕೆ ಗೋಡೆಯಿಲ್ಲ. ಅವಳು ಬಾಗಿಲಲ್ಲಿ ಕೂತು ಗೊಳೋ ಅಂತ ಅಳುತ್ತಿದ್ದಳು. ನನಗೋ ಎಂಥ ದುಃಖಕ್ಕೂ ಮೊದಲು ಸಿಟ್ಟು ಬರುತ್ತದೆ, ಕಣ್ಣೀರು ಆಮೇಲೆ. ನೆಟ್ಟಗೆ ನಿಂತಿದ್ದೆ. ಬೀದಿಯ ಹೆಂಗಸೊಬ್ಬಳು ನನ್ನ ಎದುರಿಗೇ, “ಪಾಪ, ಎಷ್ಟ್ ಚೆಂದಾಗಿ ಸಾಕಿದ್ಲು ನಾಯಿಯ” ಎಂದಳು. ಸಾಕಿದ್ದು ಯಾರು ಎಂದು ಕೇಳಬೇಕೆನಿಸಿತು. ಮಣ್ಣು ಮಾಡುವ ಹೊತ್ತಿನಲ್ಲಿ ಜಗಳ ಬೇಡವೆಂದುಕೊಂಡೆ.

ಆ ನಾಯಿ ನನ್ನ ತವರಿನದು. ಹನೂರಿನಲ್ಲಿ ನನ್ನ ಅವ್ವ ಅದನ್ನು ಕಣ್ಣು ಬಿಟ್ಟು ವಾರವಾಗಿದ್ದಾಗಲೇ ನನಗೆಂದು ಗುರುತು ಮಾಡಿಟ್ಟಿದ್ದಳು. ಹಾಲು ಬಿಟ್ಟ ಮೇಲೆ ಒಂದು ಮಂಕರಿಯಲ್ಲಿ ಹಳೆ ಸೀರೆ ಹಾಸಿ, ಮರಿಯನ್ನು ಮಲಗಿಸಿ ಕೊಟ್ಟಳು. ಕೊಳ್ಳೇಗಾಲದ ಬಸ್ಸು ಹತ್ತಿದೆ. ಅರ್ಧ ದಾರಿಗೆ ಅದು ಕುಂಯ್ ಎಂದಿತು. ಕಂಡಕ್ಟರ್ ಮಂಕರಿಯೊಳಗೆ ಇಣುಕಿ, “ಕೋಳಿ ಅಂದ್ಕಂಡಿದ್ದೆ ಕಣಮ್ಮ, ನಾಯ್ಗೂ ಟಿಕೆಟ್ ತಕಬೇಕು” ಎಂದು ಮಿಷನ್ನಿನಿಂದ ಅರ್ಧ ಟಿಕೆಟ್ ಹರಿದು ಕೊಟ್ಟ. ನನಗೆ ನಗು ಬಂತು. ಆ ಟಿಕೆಟನ್ನು ಮನೆಯ ಕಾಗದಪತ್ರ ಇಡುವ ಡಬ್ಬಿಯಲ್ಲಿ ಹಾಕಿಟ್ಟೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಆದರೆ ನಾಯಿ ಬೆಳೆದಂತೆ ಆಚೆ ಬಾಗಿಲಿಗೆ ವಾಲಿತು. ಊಟ ನನ್ನ ಮನೆಯಲ್ಲಿ, ನಿದ್ದೆ ಅವಳ ಬಾಗಿಲಲ್ಲಿ. ನಾನಿಟ್ಟ ಹೆಸರು ಒಂದು, ಅವಳು ಕೂಗುತ್ತಿದ್ದ ಹೆಸರು ಇನ್ನೊಂದು. ಎರಡಕ್ಕೂ ಓಗೊಡುತ್ತಿತ್ತು, ನಾನು ಕೂಗಿದರೆ ತಲೆಯೆತ್ತುತ್ತಿತ್ತು, ಅವಳು ಕೂಗಿದರೆ ಎದ್ದೇ ಹೋಗುತ್ತಿತ್ತು. ಅವಳೇನು ಬಾಡೂಟ ಹಾಕುತ್ತಿದ್ದಳೇ? ತಣ್ಣನೆಯ ಮುದ್ದೆ. ನಾನು ಸಾರು ಬೆರೆಸಿ, ಬಿಸಿ ಆರಿಸಿ ಇಡುತ್ತಿದ್ದೆ. ತಿಂದು, ಬಾಯಿ ನೆಕ್ಕಿಕೊಂಡು, ಸೀದಾ ಅತ್ತ ನಡೆಯುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು. ನಾಯಿಯ ವಿಷಯಕ್ಕೆ ಹೊಟ್ಟೆ ಉರಿಸಿಕೊಳ್ಳುತ್ತಾರಾ ಅಂತ ಯಾರಾದರೂ ಕೇಳಿದರೆ, ಹೌದು, ನಾನು ಉರಿಸಿಕೊಂಡಿದ್ದೇನೆ.

ಸತ್ತದ್ದು ಹೀಗೆ. ಕಬ್ಬು ಕಡಿಯುವ ಕಾಲ. ಕುಂತೂರಿನ ಕಾರ್ಖಾನೆಗೆ ಹಗಲೂ ರಾತ್ರಿ ಟ್ರ್ಯಾಕ್ಟರು ಓಡುತ್ತಿದ್ದವು. ಹೊನ್ನೂರಿನ ಒಬ್ಬರ ಟ್ರ್ಯಾಕ್ಟರು ಕಬ್ಬು ಇಳಿಸಿ ವಾಪಸು ಬರುವಾಗ, ವಾರಗಿತ್ತಿಯ ಹಸುವಿಗೆ ಗದ್ದೆಯಿಂದ ಒಂದಿಷ್ಟು ಕಬ್ಬಿನ ಸೋಗೆ ತಂದು ಅಂಗಳದಲ್ಲಿ ಹಾಕಿತು. ಡ್ರೈವರು ಗಾಡಿ ಅಲ್ಲೇ ಬಿಟ್ಟು ಟೀ ಕುಡಿಯಲು ಹೋದ. ಮಟಮಟ ಮಧ್ಯಾಹ್ನ. ನಾಯಿ ಟ್ರೈಲರಿನ ನೆರಳಿಗೆ ಹೋಗಿ ಚಕ್ರಕ್ಕೆ ಬೆನ್ನು ಕೊಟ್ಟು ಮಲಗಿತು. ನಾನು ನನ್ನ ಜಗುಲಿಯಲ್ಲಿ ಹುರುಳಿ ಹಸನು ಮಾಡುತ್ತಿದ್ದೆ. ಡ್ರೈವರು ಬಂದವನು ಕೆಳಗೆ ನೋಡಲಿಲ್ಲ. ಒಂದು ಕೈಯಲ್ಲಿ ಫೋನು ಹಿಡಿದು ಹತ್ತಿದ, ಗಾಡಿಯ ಸ್ಪೀಕರಿನ ಹಾಡು ಜೋರು ಮಾಡಿದ. “ಲೇ, ನಾಯಿ ಅದೆ ಕೆಳುಗ, ನಿಲ್ಸ್ಲಾ” ಎಂದು ಕೂಗಿಕೊಂಡು ಓಡಿದೆ. ಮೊರದ ಹುರುಳಿಯೆಲ್ಲ ಚೆಲ್ಲಿತು. ಅವನಿಗೆ ಹಾಡಿನಲ್ಲಿ ನನ್ನ ದನಿ ಕೇಳಲಿಲ್ಲ.

ಮೂರನೆಯ ದಿನ ನಾನು ಹೊನ್ನೂರಿಗೆ ಹೋಗಿ ಟ್ರ್ಯಾಕ್ಟರಿನ ಮಾಲೀಕನನ್ನು ಕಂಡು ಪರಿಹಾರ ಕೇಳಿದೆ. ಅವನು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. “ಹಸ ಆಗಿದ್ರೆ ನಾನೇ ಬಂದು ಮಾತಾಡ್ತಿದ್ದೆ ಕಣಮ್ಮ. ನಾಯ್ಗೆ ಏನ್ ಕೊಡಾದು? ಬೇಕಾದ್ರೆ ಒಂದು ಮರಿ ತಕಂಡೋಗು” ಎಂದ. ಆಮೇಲೆ ಇನ್ನೊಂದು ಮಾತು ಸೇರಿಸಿದ: “ಅಲ್ಲ, ನಾಯಿ ನಿಮ್ ವಾರಗಿತ್ತಿದಂತಲ್ಲ?”

ಅದೇ ಮಾತು ನನ್ನನ್ನು ಪೊಲೀಸ್ ಸ್ಟೇಷನ್ನಿಗೆ ಕಳಿಸಿದ್ದು. ಸುಳ್ಳು ಯಾಕೆ ಹೇಳಲಿ, ನನಗೆ ಆ ದುಡ್ಡು ಬೇಕಾಗಿರಲಿಲ್ಲ. ಆ ನಾಯಿ ನನ್ನದು ಎಂದು ಸೀಲು ಬಿದ್ದ ಒಂದು ಕಾಗದ ಬೇಕಿತ್ತು. ಬೀದಿಯ ಆ ಹೆಂಗಸಿನ ಕಣ್ಣೆದುರು ಹಿಡಿಯುವಂಥ ಕಾಗದ.

ಸ್ಟೇಷನ್ನಿನ ದಫೇದಾರರು ತಾಳ್ಮೆಯ ಮನುಷ್ಯ. ನಗಲಿಲ್ಲ. “ನಾಯಿ ನಿಮ್ಮದೇ ಅನ್ನಕ್ಕೆ ಏನಾದ್ರೂ ಅದಾ?” ಎಂದರು. ಡಬ್ಬಿಯನ್ನೇ ತೆಗೆದುಕೊಂಡು ಹೋಗಿದ್ದೆ. ಎಲ್ಲರ ಎದುರು ಮುಚ್ಚಳ ತೆಗೆದು ಟಿಕೆಟ್ ಮೇಜಿನ ಮೇಲಿಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಕ್ಷರವೆಲ್ಲ ಹಾರಿಹೋಗಿ ಬರೀ ಬಿಳಿ ಚೀಟಿ ಉಳಿದಿತ್ತು. ಯಾವಾಗ ಅಳಿಸಿಹೋಯಿತೋ, ನಾನು ತೆಗೆದು ನೋಡಿಯೇ ಇರಲಿಲ್ಲ.

“ಚುಚ್ಮದ್ದಿನ ಕಾರ್ಡು?” ಎಂದರು.

ಕಾರ್ಡು ಇತ್ತು. ಅದೇ ನನ್ನ ಗ್ರಹಚಾರ. ಪಶು ಆಸ್ಪತ್ರೆಯವರು ಊರಿಗೆ ಬಂದು ಹುಚ್ಚುನಾಯಿ ರೋಗಕ್ಕೆ ಚುಚ್ಚುಮದ್ದು ಹಾಕಿದ ದಿನ, ನಾನು ಎಳೆದರೆ ನಾಯಿ ನಾಲ್ಕೂ ಕಾಲೂರಿ ನಿಂತಿತು. ವಾರಗಿತ್ತಿ ಕರೆದಳು, ಬಾಲ ಆಡಿಸಿಕೊಂಡು ಹೋಯಿತು. ಮುನಿಸಿಕೊಂಡು ನಾನು ಒಳಗೆ ಹೋಗಿಬಿಟ್ಟೆ. ಕಾರ್ಡಿನಲ್ಲಿ ಮಾಲೀಕರ ಹೆಸರು ಅವಳದು, ನಾಯಿಯ ಹೆಸರು ಅವಳಿಟ್ಟದ್ದು. ಈಗ ಆ ಕಾರ್ಡನ್ನು ಅವಳ ಹತ್ತಿರವೇ ಹೋಗಿ ಕೇಳಬೇಕಾಯಿತು. ಅಂಗಳ ದಾಟಲು ಎರಡು ದಿನ ಬೇಕಾಯಿತು ನನಗೆ.

ಕೇಳಿದ ಕೂಡಲೇ ಅವಳು ಕಾರ್ಡು ತಂದಳು. “ನಾನೂ ಬತ್ತೀನಿ ಇರಕ್ಕ, ಅವ್ರು ಏನಾರ ಕೇಳುದ್ರೆ” ಎಂದು ಸೀರೆ ಬದಲಾಯಿಸಿ ಬಂದು ಆಟೋ ಹತ್ತಿದಳು. ದಾರಿಯುದ್ದಕ್ಕೂ ನಾನು ಹೊರಗೆ ನೋಡುತ್ತಾ ಕೂತೆ.

ಸ್ಟೇಷನ್ನಿನಲ್ಲಿ ಟ್ರ್ಯಾಕ್ಟರ್ ಮಾಲೀಕನನ್ನೂ ಕರೆಸಿದ್ದರು. ದಫೇದಾರರು ಕಾರ್ಡು ನೋಡಿ ಅವಳ ಕಡೆ ತಿರುಗಿದರು. “ಇಲ್ಲಿ ನಿನ್ನ ಹೆಸರದೆ. ನಾಯಿ ಯಾರ್ದಮ್ಮ?”

“ನಮ್ಮಕ್ಕಂದು ಸಾ. ಅವ್ರು ಅವತ್ತು ಅಲ್ಲಿ ಇರ್ನಿಲ್ಲ, ಅದ್ಕೆ ನನ್ನೆಸ್ರು ಬರ್ಕಂಡ್ರು” ಎಂದಳು.

ಇಷ್ಟು ಸಲೀಸಾಗಿ ಕೊಟ್ಟುಬಿಟ್ಟಳಲ್ಲ ಎಂದು ನನಗೆ ಇನ್ನೂ ಉರಿಯಿತು. ಒಂದಿಷ್ಟು ಜಗಳವಾಡಬಾರದಿತ್ತೇ? ಆಡಿದ್ದರೆ ಗೆದ್ದೆ ಎಂದಾದರೂ ಅನ್ನಿಸುತ್ತಿತ್ತು.

ದಫೇದಾರರು ಬರೆಯತೊಡಗಿದರು. “ಗುರುತು ಹೇಳಮ್ಮ” ಎಂದು ನನ್ನನ್ನು ಕೇಳಿದರು. ಕಪ್ಪು ಬಣ್ಣ, ಎದೆಯ ಮೇಲೆ ಬಿಳಿ ಎಂದೆ. “ಅಂಥವು ಊರ್ತುಂಬ ಅವೆ. ಬೇರೆ?” ಎಂದರು. ನಾನು ಯೋಚಿಸಿದೆ. ನಾಲ್ಕು ವರ್ಷ ಅನ್ನ ಹಾಕಿದ ನಾಯಿ. ತಟ್ಟೆಗೆ ಬಾಯಿ ಹಾಕಿದಾಗಿನ ಅದರ ನೆತ್ತಿ ಬಿಟ್ಟರೆ ಇನ್ನೇನೂ ಕಣ್ಣಿಗೆ ಬರಲಿಲ್ಲ.

ಅವಳು ನನ್ನ ಹಿಂದೆ ನಿಂತು ಮೆಲ್ಲಗೆ ಹೇಳಿದಳು: “ಎಡಗಿವಿ ಒಳಗಡೆ ಒಂದು ಸೀಳು ಇತ್ತು ಸಾ, ಬೆಕ್ಕು ಪರಚಿದ್ದು. ಹಿಂದಿನ ಬಲಗಾಲ್ಗೆ ಒಂದು ಉಗುರು ಜಾಸ್ತಿ. ಹೊಟ್ಟೆ ಕೆಳುಗ ಕಾಳಷ್ಟು ಗಂಟು. ಅದ ಮುಟ್ಟುದ್ರೆ ನಿದ್ದೆಲೂ ಕಾಲಾಡುಸ್ತಿತ್ತು.”

ದಫೇದಾರರು ಎಲ್ಲವನ್ನೂ ಬರೆದುಕೊಂಡರು, ಕಾಲಾಡಿಸುವುದೊಂದನ್ನು ಬಿಟ್ಟು. ಟ್ರ್ಯಾಕ್ಟರ್ ಮಾಲೀಕ ಗೊಣಗುತ್ತ ರುಜು ಹಾಕಿದ. ಕಾಗದದಲ್ಲಿ, ಡ್ರೈವರನ ನಿರ್ಲಕ್ಷ್ಯದಿಂದ ಈ ಕೆಳಗಿನ ಗುರುತಿನ ನಾಯಿ ಸತ್ತಿದೆ, ಅದರ ಮಾಲೀಕರು ಇಂಥವರು ಎಂದು ನನ್ನ ಹೆಸರು. ಪರಿಹಾರದ ಹಣವನ್ನು ಅಲ್ಲೇ ಕೊಟ್ಟ. ನಾನು ಕಾಗದದ ಮೇಲಿನ ಸೀಲು ಒಣಗಿದೆಯೇ ಎಂದು ನೋಡುತ್ತಿದ್ದೆ.

ಊರಿಗೆ ಬಂದ ಮೇಲೆ ಆ ಕಾಗದವನ್ನು ಬೀದಿಯ ಯಾರಿಗೂ ತೋರಿಸಲಿಲ್ಲ. ಒಂದು ಸಲ ಬಿಚ್ಚಿ ಓದಿದೆ. ಹೆಸರು ನನ್ನದು. ಕಿವಿ, ಉಗುರು, ಗಂಟು ಅವಳು ಹೇಳಿದ್ದು. ಮಡಿಸಿ ಡಬ್ಬಿಯಲ್ಲಿ ಬಿಳಿ ಟಿಕೆಟಿನ ಜೊತೆ ಇಟ್ಟೆ.

ಮಾರನೆಯ ದಿನ ಬೆಳಿಗ್ಗೆ ಅಂಗಳ ಗುಡಿಸಲು ಎದ್ದೆ. ಅಂಗಳದ ವಿಷಯದಲ್ಲಿ ನಾನು ಬಲು ಗಟ್ಟಿ. ದಿನಾ ಗುಡಿಸಿ, ಸಗಣಿ ನೀರು ಹಾಕಿ ಸಾರಿಸಿ, ರಂಗೋಲಿ ಎಳೆದರೇ ನನಗೆ ಸಮಾಧಾನ. ಅಂಗಳದ ತನ್ನ ಮಗ್ಗುಲಲ್ಲಿ ಅವಳೂ ಪೊರಕೆ ಹಿಡಿದಿದ್ದಳು. ಅವಳ ಬಾಗಿಲ ಬಳಿ ನೆಲದಲ್ಲಿ ನಾಯಿ ಕೆರೆದು ಮಾಡಿಕೊಂಡಿದ್ದ ಗುಳಿ ಇತ್ತು, ಸುರುಳಿ ಸುತ್ತಿ ಮಲಗುವಷ್ಟೇ ಅಗಲ. ಅವಳು ಅದರ ಸುತ್ತ ಗುಡಿಸಿದಳು. ಒಳಗೆ ಬೀಳದಂತೆ ಬೊಗಸೆಯಲ್ಲಿ ಹಿಡಿದು ಸುತ್ತಲೂ ನೀರು ಚಿಮುಕಿಸಿದಳು. ಒಳಗಿನ ಧೂಳಿನಲ್ಲಿ ಇನ್ನೂ ನಾಲ್ಕು ಕೂದಲಿದ್ದವು.

ಮರಿಯಾಗಿದ್ದಾಗ ಅದು ಮೊದಲು ಕೆರೆದದ್ದು ನನ್ನ ಬಾಗಿಲಲ್ಲೇ. ದಿನಾ ಕೆರೆಯುತ್ತಿತ್ತು, ದಿನಾ ಪೊರಕೆಯಲ್ಲಿ ಎಬ್ಬಿಸಿ ಓಡಿಸಿ, ಮಣ್ಣು ತುಂಬಿ, ಸಗಣಿ ಮೆತ್ತಿ ಸಮ ಮಾಡುತ್ತಿದ್ದೆ. ಆ ಜಾಗ ಎಲ್ಲಿತ್ತೆಂದು ಆ ಬೆಳಿಗ್ಗೆ ಬಗ್ಗಿ ಹುಡುಕಿದೆ. ಅಂಗೈಯಾಡಿಸಿಯೂ ನೋಡಿದೆ. ಗೊತ್ತಾಗಲಿಲ್ಲ, ಅಷ್ಟು ಚೆನ್ನಾಗಿ ಮುಚ್ಚಿದ್ದೆ.