ಏನೂ ಆಗಲ್ಲ ಎನ್ನದ ಖಲೀಲ್ ಭಾಯ್

ಖಲೀಲ್ ಭಾಯ್ ಕಾರಿನ ಎಸಿ ಪರೀಕ್ಷಿಸುತ್ತಿದ್ದದ್ದು ಗಡ್ಡದಿಂದ. ಗಾಜೆಲ್ಲ ಏರಿಸಿ, ಎಸಿ ಹಾಕಿ, ಗಾಳಿ ಬರುವ ಕಿಂಡಿಗೆ ತಮ್ಮ ಬಿಳಿ ಗಡ್ಡವನ್ನೊಡ್ಡಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಒಳಗೆ ಯಾರೋ ಇವರನ್ನು ಬೈಯುತ್ತಿದ್ದಾರೆ ಅನ್ನಿಸಬೇಕು, ಅಷ್ಟು ಗಾಬರಿ ಆ ಮುಖದಲ್ಲಿ. ತಂಪು ಅಳೆಯುವ ಮೀಟರ್ ಇರಲಿಲ್ಲವೆಂದಲ್ಲ. ಇತ್ತು, ಅದನ್ನು ನಂಬುವ ಧೈರ್ಯ ಅವರಿಗಿರಲಿಲ್ಲ.

ಕೋಲಾರದಲ್ಲಿ ಅವರದೊಂದು ಚಿಕ್ಕ ಶೆಡ್ಡು. ಅಂಥ ಪುಕ್ಕಲ ಮೆಕ್ಯಾನಿಕ್ಕನ್ನು ನಾನು ಬೇರೆಲ್ಲೂ ಕಂಡಿಲ್ಲ. ಜಾಕ್ ಕೊಟ್ಟು ಎತ್ತಿದ ಕಾರಿನ ಕೆಳಗೆ ಕಲ್ಲು ಇಡುವರು, ಕಲ್ಲಿನ ಪಕ್ಕ ಮರದ ದಿಮ್ಮಿ ಇಡುವರು, ಆಮೇಲೂ ಬಿಸ್ಮಿಲ್ಲಾ ಎಂದೇ ತಲೆ ತೂರಿಸುವರು. ಮಿಕ್ಕವರೆಲ್ಲ ಬಾನೆಟ್ ತೆಗೆಯುವ ಮೊದಲೇ "ಏನೂ ಆಗಲ್ಲ ಮೇಡಂ" ಅನ್ನುತ್ತಾರೆ. ಖಲೀಲ್ ಭಾಯ್ ಬಾಯಲ್ಲಿ ಆ ಮಾತು ಬರುತ್ತಿರಲಿಲ್ಲ. "ಆಗ್ಬೋದಮ್ಮ, ಯಾಕಾಗಲ್ಲ? ಹೆದರ್ಕೊಂಡೇ ಇರಿ, ಒಳ್ಳೇದು" ಅನ್ನುತ್ತಿದ್ದರು.

ನನಗೆ ಬೇಕಿದ್ದದ್ದು ಅಂಥವರೇ. ಕ್ಯಾಲನೂರಿನಲ್ಲಿ ನನ್ನದು ಚಾಕಿ ಕೇಂದ್ರ. ರೇಷ್ಮೆಹುಳು ಮೊಟ್ಟೆಯೊಡೆದು ಬಂದಾಗಿನಿಂದ ಎಳೆತನದಲ್ಲಿ ಸಾಕಿ, ಆಮೇಲೆ ರೈತರ ಮನೆಗೆ ತಲುಪಿಸುವ ಕೆಲಸ. ಹುಳು ತಿನ್ನುವುದು ನಿಲ್ಲಿಸಿ, ಪೊರೆ ಬಿಡಲು ತಲೆಯೆತ್ತಿ ಕೂರುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತೇವೆ. ಎರಡನೇ ಜ್ವರದಲ್ಲಿ ಕೂತ ಹುಳುವನ್ನೇ ಸಾಗಿಸುವುದು. ಆಗ ಸೆಖೆ ತಾಗಬಾರದು, ಗಾಢ ವಾಸನೆ ತಾಗಬಾರದು. ಹುಳುಮನೆಗೆ ಹೋಗುವ ದಿನ ನಾನು ಪೌಡರು ಹಾಕುವುದಿಲ್ಲ, ಮಲ್ಲಿಗೆ ಮುಡಿಯುವುದಿಲ್ಲ. ಒಬ್ಬ ರೈತನ ಮನೆಯಲ್ಲಿ ಹುಳು ಕೆಟ್ಟರೆ ಅವನ ಬೆಳೆ ಹೋಯಿತು, ನನ್ನ ಹೆಸರೂ ಹೋಯಿತು. ಹಿಂದಿನ ಸೀಟು ತೆಗೆಸಿ ಟ್ರೇ ಜೋಡಿಸುವ ನನ್ನ ಹಳೇ ಕಾರಿಗೆ ಎಸಿ ಅನ್ನುವುದು ಸುಖದ ವಸ್ತುವಲ್ಲ.

ಒಂದು ಬೇಸಿಗೆಯಲ್ಲಿ ಆ ಎಸಿ ಸೊರಗಿತು. ಯಾರೋ ಗ್ಯಾಸ್ ತುಂಬಿಸಿ ಕಳಿಸಿದರು, ಹಾಗೇ ಇತ್ತು. ಖಲೀಲ್ ಭಾಯ್ ಕೂಡ ಮೊದಲು ಬೆಲ್ಟು ಸಡಿಲವಾಗಿದೆ ಎಂದು ಬದಲಿಸಿದರು, ಆಗಲೂ ಹಾಗೇ ಇತ್ತು. ಅದಕ್ಕವರು ಪಟ್ಟ ನಾಚಿಕೆ ನೋಡಲಾಗದು. ಆಮೇಲೆ ನನ್ನನ್ನು ಸ್ಟೂಲ್ ಮೇಲೆ ಕೂರಿಸಿ ಕೇಳಿದರು: "ಯಾವಾಗ ಬಿಸಿ ಬರತ್ತೆ? ಓಡ್ವಾಗ್ಲೋ, ನಿಂತಾಗ್ಲೋ?"

"ನಿಂತಾಗ. ರೈಲ್ವೆ ಗೇಟು ಹಾಕಿದ್ರೆ ಬೆವರು ಇಳಿಯತ್ತೆ."

"ಓಡ್ವಾಗ ಎದುರುಗಾಳಿ ತಣ್ಣಗ್ ಮಾಡತ್ತೆ. ನಿಂತಾಗ ಮಾಡ್ಬೇಕಾಗಿರೋದು ಮುಂದಿರೋ ಫ್ಯಾನು. ಅದೇ ಸೋತಿರ್ಬೇಕು. ಇರ್ಬೇಕು ಅಂದೆ, ಇದೆ ಅಂತ ಅನ್ಲಿಲ್ಲ ಮತ್ತೆ!"

ಬಂಪರ್ ಬಿಚ್ಚಿದರೆ ಕಂಡೆನ್ಸರಿನ ಜಾಲರಿಯ ತುಂಬ ಮಣ್ಣು, ಸತ್ತ ಚಿಟ್ಟೆ, ಹುಲ್ಲಿನ ಚೂರು. ಫ್ಯಾನು ಏದುಸಿರು ಬಿಡುತ್ತ ಸುತ್ತುತ್ತಿತ್ತು. ಅವರು ಜಾಲರಿಯನ್ನು ಮೆಲ್ಲಗೆ ನೀರು ಬಿಟ್ಟು ತೊಳೆದು, ಫ್ಯಾನಿನ ಮೋಟಾರು ಬದಲಿಸಿ, ಗಡ್ಡ ಒಡ್ಡಿ ಬಹಳ ಹೊತ್ತು ಕೂತರು. ಸಂಜೆ ತಂಪಿತ್ತು. ನಾನು ಎಸಿ ಹಾಕದೆ ಗಾಜಿಳಿಸಿಕೊಂಡೇ ಊರಿಗೆ ಬಂದೆ.

ಮಾರನೆಯ ಬೆಳಿಗ್ಗೆ ಗೌನಿಪಲ್ಲಿಯ ನಾರಾಯಣಮ್ಮನಿಗೆ ಹುಳು ಹೋಗಬೇಕಿತ್ತು. ಟ್ರೇಗಳನ್ನು ಜೋಡಿಸಿ, ಗಾಜೇರಿಸಿ ಹೊರಟೆ. ಶ್ರೀನಿವಾಸಪುರ ಹತ್ತಿರವಾಗುವ ಹೊತ್ತಿಗೆ ಬಿಸಿಲು ಚುರುಗುಟ್ಟಿತು, ಎಸಿ ಹಾಕಿದೆ. ತಣ್ಣನೆ ಗಾಳಿ ಬಂತು. ಅದರ ಜೊತೆಗೇ ಕಾರಿನ ತುಂಬ ಅತ್ತರಿನ ಘಮ ತುಂಬಿಕೊಂಡಿತು.

ರಿಪೇರಿಯಾದ ಕಾರನ್ನು ಸುಮ್ಮನೆ ಕಳಿಸಬಾರದೆಂಬುದು ಖಲೀಲ್ ಭಾಯ್ ಪದ್ಧತಿ, ಅದು ನನಗೆ ಗೊತ್ತಾದದ್ದು ಆಮೇಲೆ. ಗಿರಾಕಿ ಮೊದಲ ಸಲ ಎಸಿ ಹಾಕಿದಾಗ ಪರಿಮಳ ಬರಲೆಂದು, ಅತ್ತರಿನಲ್ಲಿ ಅದ್ದಿದ ಹತ್ತಿಯನ್ನು ಕಿಂಡಿಯೊಳಗೆ ಇಡುತ್ತಿದ್ದರಂತೆ. ಎಸಿ ಆರಿಸಿ ಗಾಜುಗಳನ್ನೆಲ್ಲ ಇಳಿಸಿದೆ. ಈಗ ಒಲೆಯ ಮುಂದೆ ಕೂತಂಥ ಗಾಳಿ ನುಗ್ಗಿತು. ಮುಚ್ಚಿದರೆ ಅತ್ತರು, ತೆರೆದರೆ ಸೆಖೆ. ಟ್ರೇಗಳಲ್ಲಿ ಸಾವಿರಾರು ಹುಳುಗಳು ತಲೆಯೆತ್ತಿ ಅಲುಗದೆ ಕೂತಿದ್ದವು. ಹುಣಸೆಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಖಲೀಲ್ ಭಾಯ್‌ಗೆ ಫೋನ್ ಮಾಡಿದೆ. ಆ ಕಡೆಯಿಂದ "ಯಾ ಅಲ್ಲಾ" ಎಂದದ್ದಷ್ಟೇ ಕೇಳಿಸಿತು.

ಸ್ಕೂಟರಿನಲ್ಲಿ ಬಂದರು. ಕಿಂಡಿಯನ್ನು ಕಿತ್ತು, ಹತ್ತಿ ತೆಗೆದು ದೂರ ಎಸೆದು, ಒದ್ದೆ ಬಟ್ಟೆಯಲ್ಲಿ ಒಳಗೆಲ್ಲ ಒರೆಸಿದರು. ನಾನು ಹೊರಟರೆ ಹಿಂದೆಯೇ ಸ್ಕೂಟರಿನಲ್ಲಿ ಗೌನಿಪಲ್ಲಿವರೆಗೂ ಬಂದರು. ಆದರೆ ಹುಳುಮನೆಯ ಹತ್ತಿರ ಸುಳಿಯಲಿಲ್ಲ. "ನನ್ ಮೈಮೇಲೂ ಅದೇ ವಾಸ್ನೆ ಐತಮ್ಮ" ಎಂದು ದೂರದ ಮಾವಿನ ಮರದಡಿ ಕೂತುಬಿಟ್ಟರು.

ಜ್ವರದಿಂದೆದ್ದ ಹುಳು ಸೊಪ್ಪು ಮುಟ್ಟಿದರೆ ಬದುಕಿದಂತೆ. ಮುಟ್ಟದಿದ್ದರೆ ಮುಗಿಯಿತು. ಮಧ್ಯಾಹ್ನ ಹುಳುಗಳು ಎದ್ದವು. ನಾರಾಯಣಮ್ಮ ಎಳೇ ಸೊಪ್ಪು ಹಾಕಿದಳು. ಅವು ಸೊಪ್ಪಿನ ಮೇಲೆ ಹರಿದಾಡಿದವು, ತಿನ್ನಲಿಲ್ಲ. "ಏಮಕ್ಕಾ ಇದು? ಬಾಯೇ ಹಾಕ್ತಾ ಇಲ್ವಲ್ಲ" ಎಂದಳು. ಅವಳ ದನಿ ಒಡೆದಿತ್ತು. ನಾನು ಆಚೆ ಬಂದಾಗಲೆಲ್ಲ ಖಲೀಲ್ ಭಾಯ್ ಎದ್ದು ನಿಲ್ಲುತ್ತಿದ್ದರು, ನನ್ನ ಮುಖ ನೋಡಿ ಮತ್ತೆ ಕೂರುತ್ತಿದ್ದರು. ಊಟಕ್ಕೆ ಕರೆದರೆ ಕೈಯಾಡಿಸಿ ಬೇಡವೆಂದರು.

ಬಿಸಿಲು ಇಳಿದ ಮೇಲೆ ನಾರಾಯಣಮ್ಮ ಕೂಗಿಕೊಂಡಳು. ಓಡಿಹೋಗಿ ನೋಡಿದೆ. ಸೊಪ್ಪಿನ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು. ಅವಳು ಆ ಎಲೆಯನ್ನೇ ಹಿಡಿದುಕೊಂಡು ಮಾವಿನ ಮರದವರೆಗೆ ಹೋಗಿ, "ತಿಂತಾ ಅವೆ, ನೋಡು ಸಾಯಬಣ್ಣ" ಎಂದು ತೋರಿಸಿದಳು. ಖಲೀಲ್ ಭಾಯ್ ಎಲೆಯನ್ನು ಬೆಳಕಿಗೆ ಹಿಡಿದು ನೋಡುತ್ತ ಅತ್ತುಬಿಟ್ಟರು.

ಅಂದಿನಿಂದ ಅವರು ಅತ್ತರು ಮುಟ್ಟಲಿಲ್ಲ. ರಂಜಾನ್ ದಿನ ನಾನು ಹೋದರೆ ಮನೆಗೆ ಮನೆಯೇ ಘಮಘಮ ಅನ್ನುತ್ತಿತ್ತು. ಇವರೊಬ್ಬರು ಹೊಸ ಜುಬ್ಬಾ ತೊಟ್ಟು, ಯಾವ ಪರಿಮಳವೂ ಇಲ್ಲದೆ ಬೀದಿಯಲ್ಲೇ ನನಗೆ ಸುರಕುಂಬಾ ಪಾಯಸದ ಬಟ್ಟಲು ಕೊಡುತ್ತಿದ್ದರು. "ಒಳಗ್ ಬರ್ಬೇಡಿ, ನಿಮ್ಮ ಹುಳ ಅವೆ" ಎನ್ನುತ್ತಿದ್ದರು. ಹಬ್ಬದ ದಿನ ಮನೆಯೊಳಗೆ ಕರೆಯದೆ ಅಷ್ಟು ಪ್ರೀತಿ ತೋರಿಸಿದವರು ಇನ್ನೊಬ್ಬರಿಲ್ಲ.

ಹೋದ ಚಳಿಗಾಲದಲ್ಲಿ ಅವರಿಗೆ ಕಾಯಿಲೆಯೆಂದು ತಿಳಿದು ನೋಡಲು ಹೋದೆ. ಮಂಚದ ಮೇಲೆ ದಿಂಬಿಗೊರಗಿದ್ದರು. ಗಡ್ಡ ತೆಳ್ಳಗಾಗಿತ್ತು, ಉಸಿರು ಎಳೆದೆಳೆದು ಬರುತ್ತಿತ್ತು. ಎಸಿ ಹೇಗಿದೆ ಎಂದು ಸನ್ನೆಯಲ್ಲೇ ಕೇಳಿದರು. ತಣ್ಣಗಿದೆ ಎಂದೆ. ಆಮೇಲೆ ತಡೆಯಲಾರದೆ ಕೇಳಿದೆ: "ಹುಷಾರಾಗ್ತೀರಲ್ವಾ ಖಲೀಲ್ ಭಾಯ್? ನಂಗ್ಯಾಕೋ ಭಯ ಆಗ್ತಿದೆ."

"ಏನೂ ಆಗಲ್ಲಮ್ಮ" ಎಂದರು.

ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ. ಎದ್ದು ಹೊರಗೆ ಬಂದೆ. ಮತ್ತೆ ಅವರನ್ನು ಜೀವಂತವಾಗಿ ನೋಡಲಿಲ್ಲ.

ಈಗ ಮತ್ತೆ ಬೇಸಿಗೆ. ಎಸಿ ಯಾಕೋ ಸೊರಗಿದೆ ಅನ್ನಿಸಿ ಬೇರೊಬ್ಬನ ಹತ್ತಿರ ಒಯ್ದೆ. ಬಾನೆಟ್ ಎತ್ತದೆಯೇ "ಏನೂ ಆಗಲ್ಲ ಮೇಡಂ, ಆರಾಮಾಗಿ ಹೋಗಿ" ಎಂದ. ಕೀ ಇಸಕೊಂಡು ವಾಪಸು ಬಂದುಬಿಟ್ಟೆ. ನಾಳೆ ನಾರಾಯಣಮ್ಮನಿಗೆ ಹುಳು ಹೋಗಬೇಕು. ಅಂಗಳದಲ್ಲಿ ಕಾರು ನಿಲ್ಲಿಸಿ, ಗಾಜೆಲ್ಲ ಏರಿಸಿ, ಕಿಂಡಿಗೆ ಕೆನ್ನೆಯೊಡ್ಡಿ ಕೂತಿದ್ದೇನೆ. ಗಾಳಿ ಬರುತ್ತಿದೆ, ತಣ್ಣಗಿದೆಯೋ ಇಲ್ಲವೋ ಹೇಳಲು ನನಗೆ ಧೈರ್ಯವಾಗುತ್ತಿಲ್ಲ.